ಬ್ರೆಡ್ ಮರಳಿದಾಗ ರೋಗವೂ ಮರಳಿತು

1944ರ ಸೆಪ್ಟೆಂಬರಿನಲ್ಲಿ ಹಾಲೆಂಡಿನ ರೈಲ್ವೆ ನೌಕರರು ಮುಷ್ಕರ ಹೂಡಿದರು. ದೇಶ ಆಗ ನಾಜಿ ಜರ್ಮನಿಯ ವಶದಲ್ಲಿತ್ತು. ಮುನ್ನುಗ್ಗಿ ಬರುತ್ತಿದ್ದ ಮಿತ್ರಪಡೆಗಳಿಗೆ ನೆರವಾಗಲೆಂದು ನಡೆದ ಈ ಮುಷ್ಕರಕ್ಕೆ ಪ್ರತೀಕಾರವಾಗಿ ಜರ್ಮನರು ಪಶ್ಚಿಮ ಹಾಲೆಂಡಿನ ನಗರಗಳಿಗೆ ಆಹಾರ ಸಾಗಣೆಯನ್ನೇ ತಡೆದರು. ಮುಂದೆ ಆ ತಡೆ ಸಡಿಲವಾಗುವ ಹೊತ್ತಿಗೆ ಚಳಿ ಬಿದ್ದು ಕಾಲುವೆಗಳು ಹೆಪ್ಪುಗಟ್ಟಿದವು, ದೋಣಿಗಳೂ ನಿಂತವು. ಆಮ್‌ಸ್ಟರ್‌ಡಾಮ್, ಹೇಗ್, ರಾಟರ್‌ಡಾಮ್ ನಗರಗಳ ಜನ ಸಕ್ಕರೆ ಬೀಟ್‌ರೂಟನ್ನೂ ಟ್ಯೂಲಿಪ್ ಹೂವಿನ ಗೆಡ್ಡೆಗಳನ್ನೂ ಬೇಯಿಸಿ ತಿಂದರು. ಸುಮಾರು 20,000 ಮಂದಿ ಸತ್ತರು. ಡಚ್ಚರು ಇಂದಿಗೂ ಅದನ್ನು ‘ಹಸಿವಿನ ಚಳಿಗಾಲ’ ಎಂದೇ ಕರೆಯುತ್ತಾರೆ.

ಊರಿಗೆ ಊರೇ ಸೊರಗುತ್ತಿದ್ದಾಗ ಒಂದು ಬಗೆಯ ಮಕ್ಕಳು ಮಾತ್ರ ಚೇತರಿಸಿಕೊಳ್ಳುತ್ತಿದ್ದುದು ಹೇಗ್ ನಗರದ ಯೂಲಿಯಾನಾ ಮಕ್ಕಳ ಆಸ್ಪತ್ರೆಯ ವೈದ್ಯ ವಿಲ್ಲೆಮ್ ಕಾರೆಲ್ ಡಿಕ್ಕೆ ಅವರ ಗಮನಕ್ಕೆ ಬಂತು. ವರ್ಷಗಟ್ಟಲೆ ಭೇದಿಯಿಂದ ನರಳಿ, ಹೊಟ್ಟೆ ಉಬ್ಬಿ, ಕೈಕಾಲು ಕಡ್ಡಿಯಾಗಿ, ವಯಸ್ಸಿಗೆ ತಕ್ಕಂತೆ ಬೆಳೆಯದೇ ಉಳಿದಿದ್ದ ಮಕ್ಕಳು ಅವು. ಆಲೂಗೆಡ್ಡೆಗೂ ತತ್ವಾರವಿದ್ದ ಕಾಲದಲ್ಲಿ ಆ ಮಕ್ಕಳ ಭೇದಿ ನಿಂತಿತು, ಮೈ ಹತ್ತತೊಡಗಿತು. ಯುದ್ಧ ಮುಗಿದು ಬ್ರೆಡ್ ಮತ್ತೆ ಸಿಗುವಂತಾದಾಗ ಉಳಿದ ಮಕ್ಕಳು ಚೇತರಿಸಿಕೊಂಡರು. ಈ ಮಕ್ಕಳು ಮತ್ತೆ ಹಾಸಿಗೆ ಹಿಡಿದರು.

ಇಂದು ‘ಗ್ಲುಟೆನ್ ರಹಿತ’ ಎಂಬ ಚೀಟಿ ಅಂಟಿಸಿದ ಬಿಸ್ಕತ್ತು, ಹಿಟ್ಟು, ಶಾವಿಗೆಗಳು ನಮ್ಮ ನಗರಗಳ ಅಂಗಡಿಗಳಲ್ಲೂ ಸಿಗುತ್ತವೆ. ಗೋಧಿ ತಿಂದರೆ ಹೊಟ್ಟೆ ಉಬ್ಬರಿಸುತ್ತದೆ ಎಂಬ ಸಂಶಯ ಬಂದವರು ನಾಲ್ಕು ವಾರ ಚಪಾತಿ ಬಿಟ್ಟು ನೋಡುವುದೂ ಸಾಮಾನ್ಯವಾಗಿದೆ. ಈ ಪಥ್ಯದ ಹಿಂದೆ ದೀರ್ಘವಾದ ಇತಿಹಾಸವಿದೆ. ಗೋಧಿಯನ್ನು ಬಿಡುವುದು ಆ ಇತಿಹಾಸದ ಅರ್ಧ ಭಾಗ ಮಾತ್ರ. ಬಿಟ್ಟದ್ದನ್ನು ಮರಳಿ ಕೊಟ್ಟು ನೋಡಿದ್ದು ಇನ್ನರ್ಧ. ಸತ್ಯ ಹೊರಬಿದ್ದದ್ದು ಆ ಎರಡನೆಯ ಅರ್ಧದಲ್ಲಿ.

ಹಳೆಯ ಹೆಸರು, ಹೊಸ ರೋಗಿಗಳು

ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿ ಕಪಡೋಸಿಯಾದಲ್ಲಿ, ಅಂದರೆ ಇಂದಿನ ಟರ್ಕಿಯಲ್ಲಿ, ಅರೆಟೇಯಸ್ ಎಂಬ ಗ್ರೀಕ್ ವೈದ್ಯನಿದ್ದ. ತಿಂದ ಅನ್ನ ಅರಗದೆ ಹಾಗೆಯೇ ಹೊರಬೀಳುವ, ದೇಹ ಬಡವಾಗುತ್ತ ಹೋಗುವ ದೀರ್ಘಕಾಲದ ಹೊಟ್ಟೆಯ ರೋಗವೊಂದನ್ನು ಆತ ವರ್ಣಿಸಿದ್ದಾನೆ. ಗ್ರೀಕಿನಲ್ಲಿ ‘ಕೊಯಿಲಿಯಾ’ ಎಂದರೆ ಹೊಟ್ಟೆ. ಆ ಮಾತಿನಿಂದಲೇ ಇಂದಿನ ‘ಸೀಲಿಯಾಕ್’ ಎಂಬ ಹೆಸರು ಬಂದಿದೆ. ಅರೆಟೇಯಸ್ ಕಂಡ ರೋಗಿಗಳೆಲ್ಲರಿಗೂ ಇದ್ದದ್ದು ಇದೇ ರೋಗವೆಂದು ಹೇಳಲಾಗದು. ಆದರೆ ಹೆಸರು ಉಳಿಯಿತು.

ಆ ಹೆಸರಿಗೆ ಮತ್ತೆ ಜೀವ ಕೊಟ್ಟವರು ಲಂಡನ್ನಿನ ಸ್ಯಾಮ್ಯುಯೆಲ್ ಗೀ. ಗ್ರೇಟ್ ಆರ್ಮಂಡ್ ಸ್ಟ್ರೀಟಿನ ಮಕ್ಕಳ ಆಸ್ಪತ್ರೆಯಲ್ಲಿ 1887ರ ಅಕ್ಟೋಬರಿನಲ್ಲಿ ಅವರು ಮಾಡಿದ ಉಪನ್ಯಾಸ ಮರುವರ್ಷ ಪ್ರಕಟವಾಯಿತು. ಒಂದರಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಈ ರೋಗಕ್ಕೆ ಪರಿಹಾರವೇನಾದರೂ ಇದ್ದರೆ ಅದು ಪಥ್ಯದಿಂದಲೇ ಸಾಧ್ಯ ಎಂದು ಗೀ ಸ್ಪಷ್ಟವಾಗಿ ಹೇಳಿದರು. ದಾರಿಯೇನೋ ಸರಿಯಾಗಿತ್ತು, ಆದರೆ ಯಾವುದು ಪಥ್ಯ, ಯಾವುದು ಅಪಥ್ಯ ಎಂಬಲ್ಲಿ ಅವರು ಎಡವಿದರು. ಪಿಷ್ಟ ಹೆಚ್ಚಿರುವ ಆಹಾರ ಕೆಟ್ಟದ್ದೆಂದು ಎಣಿಸಿ ಅಕ್ಕಿಯನ್ನೂ ಸಾಬಕ್ಕಿಯನ್ನೂ ಬೇಡವೆಂದರು. ತೆಳ್ಳಗೆ ಕೊಯ್ದು ಎರಡೂ ಕಡೆ ಚೆನ್ನಾಗಿ ಸುಟ್ಟ ಬ್ರೆಡ್ ಆಗಬಹುದೆಂದರು. ನಿರಪರಾಧಿಯನ್ನು ಹೊರಗಟ್ಟಿ ಅಪರಾಧಿಯನ್ನು ಊಟದ ಮೇಜಿಗೆ ಕರೆದಂತಾಯಿತು.

ಅದೇ ಉಪನ್ಯಾಸದಲ್ಲಿ ಒಂದು ಮಗುವಿನ ಪ್ರಸಂಗವಿದೆ. ದಿನವೂ ಹಾಲೆಂಡಿನ ಕಡಲ ಚಿಪ್ಪುಮೀನನ್ನು ತಿನ್ನಿಸಿದಾಗ ಆ ಮಗು ಚೆನ್ನಾಗಿ ಚೇತರಿಸಿಕೊಂಡಿತು. ಚಿಪ್ಪುಮೀನಿನ ಕಾಲ ಮುಗಿದೊಡನೆ ರೋಗ ಮರುಕಳಿಸಿತು. ಮರುವರ್ಷ ಚಿಪ್ಪುಮೀನು ಬಂದಾಗ ಎಷ್ಟು ಪುಸಲಾಯಿಸಿದರೂ ಮಗು ಅದನ್ನು ಮುಟ್ಟಲಿಲ್ಲ. ಪಥ್ಯವೆಂದರೆ ರೋಗಿ ನಿಜಕ್ಕೂ ಪಾಲಿಸಬಲ್ಲ ಊಟವಾಗಿರಬೇಕು ಎಂಬ ಪಾಠ ಈ ಪುಟ್ಟ ಪ್ರಸಂಗದಲ್ಲಿದೆ.

ಬಾಳೆಹಣ್ಣಿನ ಕಾಲ

ಮುಂದಿನ ದಶಕಗಳಲ್ಲಿ ವೈದ್ಯರು ಒಂದೊಂದು ಪಥ್ಯವನ್ನು ಹಿಡಿದರು. ಅವುಗಳಲ್ಲಿ ಹೆಚ್ಚು ಹೆಸರಾದದ್ದು ನ್ಯೂಯಾರ್ಕಿನ ಸಿಡ್ನಿ ಹಾಸ್ ಅವರ ಬಾಳೆಹಣ್ಣಿನ ಪಥ್ಯ. 1924ರಲ್ಲಿ ಅವರು ಹತ್ತು ಮಕ್ಕಳ ವಿವರ ಪ್ರಕಟಿಸಿದರು. ಬಾಳೆಹಣ್ಣಿನ ಪಥ್ಯದಲ್ಲಿದ್ದ ಎಂಟು ಮಕ್ಕಳು ಗುಣಮುಖರಾಗಿದ್ದರು. ಆ ಪಥ್ಯ ಸಿಗದ ಇಬ್ಬರು ಸತ್ತಿದ್ದರು. ಅಂದಿನ ತಾಯ್ತಂದೆಯರ ಪಾಲಿಗೆ ಇದು ಸಾವು ಬದುಕಿನ ಪ್ರಶ್ನೆಯಾಗಿತ್ತು. ಹಾಸ್ ಅವರ ಪಥ್ಯ ಮೂರು ದಶಕಗಳ ಕಾಲ ಅಮೆರಿಕದಲ್ಲಿ ಮೆರೆಯಿತು. ಅನೇಕ ಮಕ್ಕಳು ಅದರಿಂದಲೇ ಬದುಕಿ ಉಳಿದರು.

ಬಾಳೆಹಣ್ಣು ಕೊಟ್ಟ ಹಾಸ್ ಅದರ ಜೊತೆಗೆ ಬ್ರೆಡ್, ಬಿಸ್ಕತ್ತು, ಆಲೂಗೆಡ್ಡೆ, ಧಾನ್ಯಗಳನ್ನೆಲ್ಲ ನಿಲ್ಲಿಸಿದ್ದರು. ಗುಣ ಬಂದದ್ದು ಕೊಟ್ಟದ್ದರಿಂದಲೋ ನಿಲ್ಲಿಸಿದ್ದರಿಂದಲೋ ಎಂಬುದನ್ನು ಅವರ ವಿಧಾನ ಬೇರ್ಪಡಿಸಿ ತೋರಿಸಲಿಲ್ಲ. ಬಾಳೆಹಣ್ಣಿಗೇ ಆ ಶಕ್ತಿಯಿದೆ ಎಂಬ ನಂಬಿಕೆ ಬೆಳೆಯಿತು. ರೋಗ ವಾಸಿಯಾಯಿತೆಂದು ಭಾವಿಸಿ ಎಷ್ಟೋ ಮಕ್ಕಳಿಗೆ ಮತ್ತೆ ಮಾಮೂಲಿ ಊಟ ಕೊಡಲಾಯಿತು. ಸೀಲಿಯಾಕ್ ಆದರೋ ಬಿಟ್ಟುಹೋಗುವ ರೋಗವಲ್ಲ. ಹೊರಗೆ ಲಕ್ಷಣ ಕಾಣದಿದ್ದರೂ ಗೋಧಿ ಮರಳಿದ ಕರುಳಿನಲ್ಲಿ ಹಾನಿ ಸದ್ದಿಲ್ಲದೆ ಮುಂದುವರಿಯಬಲ್ಲದು. ಕಾರಣ ತಿಳಿಯದೆ ಸಿಕ್ಕ ಗುಣದ ಬೆಲೆ ಇದು.

ಡಿಕ್ಕೆ ತೂಗಿ ನೋಡಿದ್ದು

ಹಸಿವಿನ ಚಳಿಗಾಲವೇ ಡಿಕ್ಕೆ ಅವರ ಕಣ್ಣು ತೆರೆಸಿತು ಎಂದು ಕಥೆ ಹೇಳುವುದುಂಟು. ನಡೆದದ್ದು ಅಷ್ಟು ಸರಳವಾಗಿರಲಿಲ್ಲ. ಬಹುಶಃ 1930ರ ದಶಕದಲ್ಲೇ, ಬ್ರೆಡ್ ನಿಲ್ಲಿಸಿದಾಗಲೆಲ್ಲ ತನ್ನ ಮಗುವಿನ ಮೈಮೇಲಿನ ಗಂಧೆ ಇಳಿಯುತ್ತದೆ ಎಂದು ತಾಯಿಯೊಬ್ಬಳು ಹೇಳಿದ ಮಾತು ಅವರ ಮನಸ್ಸಿನಲ್ಲಿ ನಾಟಿತ್ತು ಎಂದು ಅವರ ಬಗ್ಗೆ ಬರೆದವರು ತಿಳಿಸುತ್ತಾರೆ. 1941ರಲ್ಲಿ, ಅಂದರೆ ಬರಗಾಲಕ್ಕೆ ಮೂರು ವರ್ಷ ಮುಂಚೆಯೇ, ಡಚ್ ವೈದ್ಯಪತ್ರಿಕೆಯೊಂದರಲ್ಲಿ ಅವರು ಸರಳವಾದ ಪಥ್ಯವನ್ನು ಸೂಚಿಸಿದ್ದರು. ಬ್ರೆಡ್ಡೂ ರಸ್ಕೂ ಬೇಡ. ದಿನಕ್ಕೆ ಎರಡು ಬಾರಿ ಬಿಸಿ ಊಟ, ಮೂರನೆಯ ಹೊತ್ತಿಗೆ ಗೋಧಿಹಿಟ್ಟು ಬೆರೆಸದ ಗಂಜಿ. ಬರಗಾಲ ಮಾಡಿದ್ದು ಅವರ ಸಂಶಯವನ್ನು ಗಟ್ಟಿಮಾಡಿದ ಕೆಲಸ.

ಆದರೆ ಬರಗಾಲದಲ್ಲಿ ಬ್ರೆಡ್ ಒಂದೇ ಕಡಿಮೆಯಾಗಿರಲಿಲ್ಲ. ಹಾಲು, ಕೊಬ್ಬು, ಸಕ್ಕರೆ ಎಲ್ಲವೂ ಮಾಯವಾಗಿದ್ದವು. ಆದ್ದರಿಂದ ಶಾಂತಿ ಮರಳಿದ ಮೇಲೆ ಡಿಕ್ಕೆ ನಿಧಾನವಾದ, ಸಹನೆ ಬೇಡುವ ಕೆಲಸಕ್ಕೆ ಕೈಹಾಕಿದರು. ಕೆಲವೇ ಮಕ್ಕಳನ್ನು ದೀರ್ಘಕಾಲ ಆಸ್ಪತ್ರೆಯಲ್ಲಿಟ್ಟುಕೊಂಡು, ಉಳಿದ ಊಟವನ್ನು ಬದಲಿಸದೆ, ಒಂದು ಅವಧಿಗೆ ಗೋಧಿ ನಿಲ್ಲಿಸುವುದು, ಮತ್ತೊಂದು ಅವಧಿಗೆ ಕೊಡುವುದು. ತೂಕ, ಎತ್ತರ, ಹಸಿವು, ಭೇದಿ ಎಲ್ಲವನ್ನೂ ಬರೆದಿಡುವುದು. ಉಟ್ರೆಕ್ಟ್ ನಗರದ ಜೀವರಸಾಯನ ತಜ್ಞ ವಾನ್ ಡಿ ಕಾಮರ್ ಮಲದಲ್ಲಿನ ಜಿಡ್ಡನ್ನು ನಿಖರವಾಗಿ ಅಳೆಯುವ ವಿಧಾನವನ್ನು ಆಗಷ್ಟೇ ರೂಪಿಸಿದ್ದರು. ಕರುಳು ಜಿಡ್ಡನ್ನು ಹೀರಿಕೊಳ್ಳದಿದ್ದರೆ ಅದು ಮಲದಲ್ಲಿ ಹೊರಬೀಳುತ್ತದೆ. ಗೋಧಿ ಕೊಟ್ಟಾಗ ಜಿಡ್ಡಿನ ಪ್ರಮಾಣ ಏರಿತು, ನಿಲ್ಲಿಸಿದಾಗ ಇಳಿಯಿತು. ರೈ ಧಾನ್ಯವೂ ಗೋಧಿಯಂತೆಯೇ ವರ್ತಿಸಿತು. ಅಕ್ಕಿ, ಮೆಕ್ಕೆಜೋಳದ ಪಿಷ್ಟ, ಆಲೂಗೆಡ್ಡೆ ಏನೂ ಮಾಡಲಿಲ್ಲ. 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ ಡಿಕ್ಕೆ ಇದನ್ನೆಲ್ಲ ದಾಖಲಿಸಿದರು.

ಇದರಲ್ಲಿ ಒಂದು ಕಷ್ಟದ ನೈತಿಕ ಪ್ರಶ್ನೆಯೂ ಅಡಗಿತ್ತು. ಗೋಧಿಯೇ ಕಾರಣವೆಂದು ರುಜುವಾತು ಮಾಡಬೇಕಾದರೆ ಚೇತರಿಸಿಕೊಂಡ ಮಗುವಿಗೆ ರೋಗವನ್ನು ಮರಳಿ ಕೊಡಬೇಕಿತ್ತು. ಕೆಲವು ಮಕ್ಕಳು ಪಟ್ಟ ಆ ತೊಂದರೆಯಿಂದ ಮುಂದೆ ಜಗತ್ತಿನಾದ್ಯಂತ ಅಸಂಖ್ಯ ಮಕ್ಕಳ ಜೀವ ಉಳಿಯಿತು.

ಕಣಕ ತೊಳೆದರೆ ಉಳಿಯುವುದು

ಗೋಧಿಯಲ್ಲಿ ಕೇಡು ಮಾಡುವ ಅಂಶ ಯಾವುದು ಎಂಬುದು ಮುಂದಿನ ಪ್ರಶ್ನೆ. ಹೋಳಿಗೆಯ ಕಣಕ ನಾದಿದವರಿಗೆ ಗೋಧಿಯ ಜಿಗುಟು ಚೆನ್ನಾಗಿ ಗೊತ್ತು. ಎಳೆದರೆ ಹರಿಯದೆ ರಬ್ಬರಿನಂತೆ ಹಿಗ್ಗುತ್ತದೆ. ಆ ಕಣಕವನ್ನು ನೀರಿನಲ್ಲಿ ಹಿಸುಕಿ ಹಿಸುಕಿ ತೊಳೆದರೆ ಪಿಷ್ಟವೆಲ್ಲ ಬೆಳ್ಳಗೆ ಹರಿದುಹೋಗಿ ಅಂಟಾದ ಮುದ್ದೆಯೊಂದು ಉಳಿಯುತ್ತದೆ. ಬೊಲೊನ್ಯಾದ ಬೆಕ್ಕಾರಿ ಎಂಬ ವಿದ್ವಾಂಸ ಇದನ್ನು ಮಾಡಿ ತೋರಿಸಿದ ವಿವರ 1745ರಲ್ಲಿ ಅಚ್ಚಾಯಿತು. ಆ ಅಂಟೇ ಗ್ಲುಟೆನ್. ಅದು ಪಿಷ್ಟವಲ್ಲ, ಪ್ರೊಟೀನು.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಷಾರ್ಲೆಟ್ ಆಂಡರ್ಸನ್ ಮತ್ತು ಸಂಗಡಿಗರು 1952ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ತೊಳೆದು ತೆಗೆದ ಗೋಧಿಯ ಪಿಷ್ಟ ಮಕ್ಕಳಿಗೆ ಒಗ್ಗಿತು; ಗ್ಲುಟೆನ್ ಭಾಗ ರೋಗವನ್ನು ಮರಳಿಸಿತು. ಡಿಕ್ಕೆ, ವೈಯರ್ಸ್, ವಾನ್ ಡಿ ಕಾಮರ್ ತ್ರಯರು 1953ರಲ್ಲಿ ತಮ್ಮ ಶೋಧಗಳನ್ನು ಇಂಗ್ಲಿಷಿನಲ್ಲಿ ವಿಸ್ತಾರವಾಗಿ ಪ್ರಕಟಿಸಿದರು. ಅರವತ್ತಕ್ಕೂ ಹೆಚ್ಚು ವರ್ಷ ಪಿಷ್ಟದ ಮೇಲಿದ್ದ ಆರೋಪ ಅಲ್ಲಿಗೆ ಕಳಚಿತು.

ಕರುಳಿನೊಳಗೆ ಏನಾಗುತ್ತದೆ ಎಂಬುದೂ ಬೇಗನೆ ತಿಳಿಯಿತು. 1956ರಲ್ಲಿ ಲಂಡನ್ನಿನ ಮಾರ್ಗೋ ಶೈನರ್ ಬಾಯಿಯ ಮೂಲಕ ಕೊಳವೆ ಇಳಿಸಿ ಸಣ್ಣ ಕರುಳಿನ ತುಣುಕು ತೆಗೆಯುವ ಉಪಕರಣವನ್ನು ಬಳಕೆಗೆ ತಂದರು. ಮರುವರ್ಷ ಅಮೆರಿಕದ ಕ್ರಾಸ್ಬಿ ನುಂಗಬಲ್ಲ ಪುಟ್ಟ ಕೋಶವೊಂದನ್ನು ರೂಪಿಸಿದರು. ಆರೋಗ್ಯವಂತ ಸಣ್ಣ ಕರುಳಿನ ಒಳಮೈ ಟರ್ಕಿ ಟವೆಲಿನಂತಿರುತ್ತದೆ. ಬೆರಳಿನಂಥ ಅಸಂಖ್ಯ ಸೂಕ್ಷ್ಮ ಎಳೆಗಳು ಎದ್ದು ನಿಂತು ಆಹಾರದ ಸತ್ವವನ್ನು ಹೀರಿಕೊಳ್ಳುತ್ತವೆ. ಸೀಲಿಯಾಕ್ ರೋಗಿಗಳಲ್ಲಿ ಈ ಎಳೆಗಳು ಸವೆದು ನೆಲ ಬೋಳಾಗಿರುತ್ತದೆ. ಎಷ್ಟು ಉಂಡರೂ ಮೈಗೆ ಹತ್ತದಿರುವುದಕ್ಕೆ, ರಕ್ತಹೀನತೆ ಮತ್ತು ಮೂಳೆ ಸವೆತ ಬರುವುದಕ್ಕೆ ಇದೇ ಕಾರಣ. ಗ್ಲುಟೆನ್ ನಿಲ್ಲಿಸಿದರೆ ಎಳೆಗಳು ಕ್ರಮೇಣ ಮತ್ತೆ ಚಿಗುರುತ್ತವೆ.

ಮೂರು ಬಾರಿಯ ಪರೀಕ್ಷೆ

ಯೂರೋಪಿನ ಮಕ್ಕಳ ತಜ್ಞರು 1969ರಲ್ಲಿ ಸ್ವಿಟ್ಜರ್ಲೆಂಡಿನ ಇಂಟರ್‌ಲಾಕೆನ್‌ನಲ್ಲಿ ಸೇರಿ ರೋಗನಿರ್ಣಯಕ್ಕೊಂದು ಕಟ್ಟುನಿಟ್ಟಾದ ಕ್ರಮ ಹಾಕಿದರು. ಗೋಧಿ ತಿನ್ನುತ್ತಿರುವಾಗ ಒಮ್ಮೆ, ಬಿಟ್ಟ ಮೇಲೆ ಒಮ್ಮೆ, ಮರಳಿ ಕೊಟ್ಟ ಮೇಲೆ ಮತ್ತೊಮ್ಮೆ, ಹೀಗೆ ಮೂರು ಬಾರಿ ಕರುಳಿನ ತುಣುಕು ತೆಗೆದು ನೋಡಬೇಕು. ಡಿಕ್ಕೆ ಆಸ್ಪತ್ರೆಯಲ್ಲಿ ಮಾಡಿದ್ದನ್ನೇ ಇದು ಪ್ರತಿ ಮಗುವಿನಲ್ಲೂ ಮರುಪ್ರಯೋಗ ಮಾಡಿದಂತಿತ್ತು. ಮಗು ಗುಣವಾಗಿದೆ ಎಂದು ನಿಟ್ಟುಸಿರು ಬಿಟ್ಟ ತಾಯಿಗೆ, ಇನ್ನು ಮತ್ತೆ ಬ್ರೆಡ್ ಕೊಡಿ ಎನ್ನುವುದು ಸುಲಭದ ಮಾತಾಗಿರಲಿಲ್ಲ.

ರಕ್ತಪರೀಕ್ಷೆಗಳು ಬಂದು ಈ ಭಾರವನ್ನು ಇಳಿಸಿದವು. ಗ್ಲುಟೆನ್ ಒಳಹೊಕ್ಕಾಗ ಸೀಲಿಯಾಕ್ ರೋಗಿಯ ದೇಹ ತನ್ನದೇ ಅಂಗಾಂಶದ ವಿರುದ್ಧ ಪ್ರತಿಕಾಯಗಳನ್ನು ಹುಟ್ಟಿಸುತ್ತದೆ. ಆ ಪ್ರತಿಕಾಯಗಳ ಗುರಿ ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಕಿಣ್ವ ಎಂಬುದನ್ನು 1997ರಲ್ಲಿ ಬರ್ಲಿನ್ನಿನ ಸಂಶೋಧಕರು ಪತ್ತೆಹಚ್ಚಿದರು. ಇಂದು ಮೊದಲು ಮಾಡುವ ರಕ್ತಪರೀಕ್ಷೆ ಇದನ್ನೇ ಹುಡುಕುತ್ತದೆ. ಮೂರು ಬಾರಿಯ ನಿಯಮವನ್ನು 1990ರಲ್ಲಿ ಸಡಿಲಿಸಲಾಯಿತು. 2012ರಿಂದ ಪ್ರತಿಕಾಯಗಳ ಮಟ್ಟ ತೀರ ಹೆಚ್ಚಿರುವ ಕೆಲವು ಮಕ್ಕಳಲ್ಲಿ, ನಿರ್ದಿಷ್ಟ ಷರತ್ತುಗಳಿಗೊಳಪಟ್ಟು, ಕರುಳಿನ ತುಣುಕು ತೆಗೆಯದೆಯೇ ರೋಗನಿರ್ಣಯ ಮಾಡಲು ಯೂರೋಪಿನ ತಜ್ಞರು ಒಪ್ಪಿದ್ದಾರೆ.

ಆದರೆ ಇಲ್ಲೊಂದು ತೊಡಕಿದೆ. ಪ್ರತಿಕಾಯಗಳು ಇರುವುದು ಗ್ಲುಟೆನ್ ತಿನ್ನುತ್ತಿರುವವರೆಗೆ. ನಿಲ್ಲಿಸಿದರೆ ಕ್ರಮೇಣ ಕರಗುತ್ತವೆ. ಕರುಳೂ ವಾಸಿಯಾಗುತ್ತ ಬರುತ್ತದೆ. ಸಂಶಯ ಬಂದೊಡನೆ ತಾನಾಗಿಯೇ ಗೋಧಿ ಬಿಟ್ಟು, ಕೆಲವು ತಿಂಗಳ ಬಳಿಕ ವೈದ್ಯರಲ್ಲಿಗೆ ಹೋದವರ ರಕ್ತದಲ್ಲೂ ಕರುಳಿನಲ್ಲೂ ರೋಗದ ಗುರುತು ಸಿಗದಿರಬಹುದು. ಆಗ ಉತ್ತರ ಬೇಕೆಂದರೆ ಮತ್ತೆ ವಾರಗಟ್ಟಲೆ ಗೋಧಿ ತಿನ್ನಬೇಕಾಗುತ್ತದೆ. ಪರೀಕ್ಷೆಗೆ ಮುಂಚೆ ಕನಿಷ್ಠ ಆರು ವಾರ ದಿನಕ್ಕೆ ಒಂದಕ್ಕಿಂತ ಹೆಚ್ಚು ಊಟದಲ್ಲಿ ಗ್ಲುಟೆನ್ ಇರಬೇಕೆಂಬುದು ಬ್ರಿಟನ್ನಿನ ಅಧಿಕೃತ ಸಲಹೆ. ಬಿಟ್ಟು ಹಗುರವಾದ ಮೇಲೆ ಈ ಮರುಸೇವನೆಯನ್ನು ಅನೇಕರು ತಾಳಲಾರರು. ಇದಕ್ಕೆ ಸಂಬಂಧಿಸಿದ ಡಿಕ್ಯೂ2, ಡಿಕ್ಯೂ8 ಜೀನುಗಳ ಪರೀಕ್ಷೆಯೊಂದೇ ಪಥ್ಯದಿಂದ ಬದಲಾಗದು. ಅವೆರಡೂ ಇಲ್ಲದಿದ್ದರೆ ಸೀಲಿಯಾಕ್ ಇಲ್ಲವೆಂದೇ ಬಹುಮಟ್ಟಿಗೆ ಹೇಳಬಹುದು. ಇದ್ದ ಮಾತ್ರಕ್ಕೆ ರೋಗವಿದೆಯೆಂದು ಅರ್ಥವಲ್ಲ.

ಗೋಧಿಯ ನಾಡೂ ಅಕ್ಕಿಯ ನಾಡೂ

ಇದು ಐರೋಪ್ಯರ ರೋಗವೆಂದೇ ಬಹುಕಾಲ ಎಣಿಸಲಾಗಿತ್ತು. 1960ರ ದಶಕದಲ್ಲಿ ಉತ್ತರ ಭಾರತದ ವೈದ್ಯರು ಇಲ್ಲಿನ ಮಕ್ಕಳಲ್ಲೂ ಅದನ್ನು ಗುರುತಿಸಿದರು. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ದೇಶದ ಮೂರು ಪ್ರದೇಶಗಳಲ್ಲಿ 23,000ಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿತು. ಉತ್ತರದಲ್ಲಿ ನೂರಕ್ಕೆ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ 0.10 ಮಂದಿಯ ರಕ್ತದಲ್ಲಿ ಸೀಲಿಯಾಕ್‌ನ ಪ್ರತಿಕಾಯಗಳು ಕಂಡುಬಂದವು. ದಿನದ ಗೋಧಿ ಸೇವನೆ ಉತ್ತರದಲ್ಲಿ ಸರಾಸರಿ 455 ಗ್ರಾಂ ಇದ್ದರೆ ದಕ್ಷಿಣದಲ್ಲಿ ಬರೀ 25 ಗ್ರಾಂ. ಆದರೆ 37 ಗ್ರಾಂ ಮಾತ್ರ ತಿನ್ನುವ ಈಶಾನ್ಯದಲ್ಲಿ ಈ ಪ್ರತಿಕಾಯಗಳ ಪ್ರಮಾಣ ಉತ್ತರಕ್ಕೆ ಸಮೀಪವಿದೆ. ಆದ್ದರಿಂದ ಗೋಧಿಯ ಲೆಕ್ಕವೊಂದೇ ಎಲ್ಲವನ್ನೂ ವಿವರಿಸುವುದಿಲ್ಲ.

ಅಕ್ಕಿ, ರಾಗಿ, ಜೋಳ, ಸಜ್ಜೆ, ನವಣೆಗಳಲ್ಲಿ ಗ್ಲುಟೆನ್ ಇಲ್ಲ. ಮುದ್ದೆ, ಜೋಳದ ರೊಟ್ಟಿ, ಅಕ್ಕಿಯ ಕಡುಬು ಹುಟ್ಟಿನಿಂದಲೇ ಪಥ್ಯದ ಊಟಗಳು. ಹಾಗೆಂದು ಕನ್ನಡನಾಡಿನ ಅಡುಗೆಮನೆ ಪೂರ್ತಿ ಸುರಕ್ಷಿತವಲ್ಲ. ಉಪ್ಪಿಟ್ಟಿನ ರವೆ, ಹೋಳಿಗೆಯ ಮೈದಾ, ಚಿರೋಟಿ ರವೆ ಎಲ್ಲವೂ ಗೋಧಿಯೇ. ಅಂಗಡಿಯ ಇಂಗಿನ ಪುಡಿಯಲ್ಲಿ ಸಾಮಾನ್ಯವಾಗಿ ಗೋಧಿಹಿಟ್ಟು ಬೆರೆತಿರುತ್ತದೆ. ಬಾರ್ಲಿಯ ಮಾಲ್ಟ್ ಹಾಕಿದ ಪೇಯಗಳಲ್ಲೂ ಗ್ಲುಟೆನ್ ಉಂಟು. ಗೋಧಿ ಬೀಸಿದ ಗಿರಣಿಯಲ್ಲೇ ರಾಗಿ ಬೀಸಿಸಿದರೆ ರಾಗಿಹಿಟ್ಟಿಗೂ ಗೋಧಿ ಸೇರುತ್ತದೆ. ಕಿಲೋಗ್ರಾಮಿಗೆ 20 ಮಿಲಿಗ್ರಾಂ ಮೀರದಿದ್ದರೆ ಮಾತ್ರ ಆಹಾರವನ್ನು ಗ್ಲುಟೆನ್ ರಹಿತವೆಂದು ಕರೆಯಬಹುದು ಎಂಬುದು ನಿಯಮ. ಸೀಲಿಯಾಕ್ ಇರುವವರು ಜೀವನಪರ್ಯಂತ ಕಾಯಬೇಕಾದ ಗೆರೆ ಇದು. ಮದುವೆಮನೆಯ ಒಂದು ಚಿರೋಟಿಗೂ ಅದರಲ್ಲಿ ವಿನಾಯಿತಿ ಇಲ್ಲ.

ಸಂಶಯ ಬಂದವರೆಲ್ಲ ಈ ರೋಗದವರಲ್ಲ. ಕೆಲವರಿಗೆ ಗೋಧಿಯ ಅಲರ್ಜಿ ಇರುತ್ತದೆ; ಅದು ಬೇರೆಯೇ ಸಂಗತಿ. ಮತ್ತೆ ಕೆಲವರಿಗೆ ಪರೀಕ್ಷೆಗಳೆಲ್ಲ ಸರಿಯಿದ್ದರೂ ಗೋಧಿ ತಿಂದಾಗ ಹೊಟ್ಟೆ ಉಬ್ಬರಿಸುವುದು ಸುಳ್ಳಲ್ಲ. ಆದರೆ ಅದಕ್ಕೆ ಗ್ಲುಟೆನ್ನೇ ಕಾರಣವೆನ್ನುವಂತಿಲ್ಲ. ಓಸ್ಲೋದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಾವಾಗಿಯೇ ಗ್ಲುಟೆನ್ ಬಿಟ್ಟಿದ್ದ 59 ಮಂದಿಗೆ ಒಳಗೇನಿದೆಯೆಂದು ತಿಳಿಸದೆ ತಿನಿಸು ಕೊಡಲಾಯಿತು. ಹೆಚ್ಚು ತೊಂದರೆ ಕೊಟ್ಟದ್ದು ಗ್ಲುಟೆನ್ ಅಲ್ಲ, ಫ್ರಕ್ಟಾನ್ ಎಂಬ ಸಕ್ಕರೆಯ ಸರಣಿ. ಗೋಧಿಯಲ್ಲಿರುವ ಈ ಅಂಶ ಈರುಳ್ಳಿ, ಬೆಳ್ಳುಳ್ಳಿಗಳಲ್ಲೂ ಇದೆ. ಅಂಥವರು ಗೋಧಿಯೊಂದನ್ನೇ ಶಪಿಸುತ್ತ ಈರುಳ್ಳಿ ತಿನ್ನುತ್ತಿದ್ದರೆ ಹೊಟ್ಟೆಯ ಗೊಂದಲ ಮುಗಿಯದು.

ಹಾಗಾದರೆ ಪಥ್ಯ ಮಾಡಿ ನೋಡಬಾರದೇ? ಮಾಡಬಹುದು, ಆದರೆ ಅನುಕ್ರಮ ತಪ್ಪಬಾರದು. ಗೋಧಿ ತಿನ್ನುತ್ತಿರುವಾಗಲೇ ಮೊದಲು ರಕ್ತಪರೀಕ್ಷೆ. ಅದರಲ್ಲಿ ಗುರುತು ಸಿಕ್ಕರೆ ಮುಂದಿನ ದಾರಿಯನ್ನು ವೈದ್ಯರು ಹೇಳುತ್ತಾರೆ. ಪಥ್ಯ ಆಗ ಪ್ರಯೋಗವಾಗಿ ಉಳಿಯದು, ಚಿಕಿತ್ಸೆಯಾಗುತ್ತದೆ. ಒಡಹುಟ್ಟಿದವರನ್ನೂ ಮಕ್ಕಳನ್ನೂ ಪರೀಕ್ಷಿಸುವ ಅಗತ್ಯವೂ ಬರುತ್ತದೆ, ಏಕೆಂದರೆ ಇದು ಮನೆತನದಲ್ಲಿ ಹರಿಯುವ ರೋಗ. ಗುರುತು ಸಿಗದಿದ್ದರೆ ವೈದ್ಯರಿಗೆ ತಿಳಿಸಿಯೇ ಕೆಲವು ವಾರ ಗೋಧಿ ಬಿಟ್ಟು, ದಿನದಿನದ ಸ್ಥಿತಿಯನ್ನು ಬರೆದಿಟ್ಟು, ಆಮೇಲೆ ಗೋಧಿಯನ್ನು ಮರಳಿ ತಂದು ನೋಡಬಹುದು. ಮರಳಿ ತಂದಾಗಲೂ ಹೊಟ್ಟೆ ಸುಮ್ಮನಿದ್ದರೆ ಹಿಂದೆ ಸಿಕ್ಕ ಆರಾಮಕ್ಕೆ ಬೇರೆ ಕಾರಣ ಹುಡುಕಬೇಕು. ಬೇಕರಿ ತಿಂಡಿ ನಿಂತದ್ದೋ, ಮನೆಯೂಟ ಹೆಚ್ಚಿದ್ದೋ ಆ ಕಾರಣವಾಗಿರಬಹುದು.

ಡಿಕ್ಕೆ 1962ರಲ್ಲಿ ತೀರಿಕೊಂಡರು. ಔಷಧವಿಲ್ಲದ ಅವರ ಚಿಕಿತ್ಸೆಗೆ ಸಮನಾದದ್ದು ಇನ್ನೂ ಬಂದಿಲ್ಲ. ಗ್ಲುಟೆನ್ ಇಲ್ಲದ ಊಟವೇ ಇಂದಿಗೂ ಈ ರೋಗದ ಮುಖ್ಯ ಮದ್ದು. ಆ ಊಟದ ಮೇಲೆ ಲೋಕಕ್ಕೆ ನಂಬಿಕೆ ಬಂದದ್ದು ಮಕ್ಕಳು ಬ್ರೆಡ್ ಬಿಟ್ಟು ಚೇತರಿಸಿಕೊಂಡದ್ದರಿಂದ ಮಾತ್ರವಲ್ಲ. ಬ್ರೆಡ್ ಮರಳಿದಾಗ ಏನಾಯಿತೆಂಬುದನ್ನೂ ಹೇಗ್ ನಗರದ ಆ ವೈದ್ಯ ಅಷ್ಟೇ ಶ್ರದ್ಧೆಯಿಂದ ತೂಗಿ ಬರೆದಿಟ್ಟಿದ್ದರು.